ಗಿಡ ನೆಟ್ಟ ದಿನವೇ ಮೀನು ಬಿಡಬಹುದೇ? – ಒಂದು ಸ್ಪಷ್ಟನೆ

ಬೋರ್‌ವೆಲ್ ನೀರಿನಲ್ಲಿ ಮೀನಿಗೆ ಹಾನಿಕರವಾದ ಕ್ಲೋರಿನ್ ಇಲ್ಲದಿರುವುದರಿಂದ, ಗಿಡಗಳಿರುವ ಅಕ್ವೇರಿಯಂಗೆ ಅದೇ ದಿನ ಮೀನು ಬಿಡಬಹುದೆಂಬ ಮಾತು ಕೋಲಾರದ ಹವ್ಯಾಸಿಗಳ ನಡುವೆ ಹರಿದಾಡುತ್ತಿದೆ. ಕ್ಲೋರಿನ್ನಿನ ವಿಷಯ ಬಹುಮಟ್ಟಿಗೆ ನಿಜ. ತೀರ್ಮಾನ ಮಾತ್ರ ತಪ್ಪು.

ಮೀನಿನ ಕಿವಿರುಗಳಿಂದಲೂ ಕೊಳೆಯುವ ಆಹಾರದಿಂದಲೂ ಹೊರಬರುವ ವಿಷಕಾರಿ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯಕಾರಿಯಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಫಿಲ್ಟರ್‌ನ ಸ್ಪಂಜಿನಲ್ಲೂ ತಳದ ಮರಳಿನಲ್ಲೂ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಗಿಡಗಳು ಅಮೋನಿಯಾವನ್ನು ಹೀರುತ್ತವೆ, ನಿಜ. ಆದರೆ ಹೊಸಬರು ಆರಿಸಿಕೊಳ್ಳುವ ಜಾವಾ ಫರ್ನ್, ಅನುಬಿಯಾಸ್‌ನಂತಹ ನಿಧಾನವಾಗಿ ಬೆಳೆಯುವ ಗಿಡಗಳು ಹೀರುವುದು ಅಲ್ಪ. ಬೇಗ ಬೆಳೆಯುವ ಹೈಡ್ರಿಲ್ಲಾ ಗಿಡ ದಟ್ಟವಾಗಿ ಬೆಳೆದಿದ್ದರೆ ಕಾಯುವ ಅವಧಿ ತಗ್ಗೀತು, ಅಷ್ಟೇ.

ನಮ್ಮ ಗಡಸು ನೀರಿನ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ) ಹಲವೆಡೆ 7ಕ್ಕಿಂತ ಮೇಲಿರುತ್ತದೆ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ತೀವ್ರವಾಗುವುದರಿಂದ, ಈ ಸಲಹೆ ಇಲ್ಲಿ ಇನ್ನಷ್ಟು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ.

ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ, ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಒಮ್ಮೆ ಏರಿ ಮತ್ತೆ ಸೊನ್ನೆಗೆ ಇಳಿದ ಮೇಲೆ ಎರಡು ಮೂರು ಗಪ್ಪಿಗಳನ್ನು ಬಿಡಬಹುದು. ಗಡಸು ನೀರು ಅವುಗಳಿಗೆ ಚೆನ್ನಾಗಿಯೇ ಒಗ್ಗುತ್ತದೆ.