ಗೀರುಗಳ ಲೆಕ್ಕಪತ್ರ

ಮಿನೆಸೋಟದಲ್ಲಿ ಹಿಮ ಕರಗಿ, ಗರಾಜಿನ ಬಾಗಿಲನ್ನು ತೆರೆದಿಟ್ಟು ನಿಲ್ಲಬಹುದಾದ ಮೊದಲ ಶನಿವಾರ ಬಂದಿತೆಂದರೆ, ಬೇಸಿಗೆಯಲ್ಲಿ ಬೌಂಡರಿ ವಾಟರ್ಸ್ ಎಂಬ ಕೆರೆಗಳ ಕಾಡಿನ ಕಡೆಗೆ ಹೋಗುವ ಚಟವಿರುವವರ ಮನೆಗಳ ಮುಂದೆಲ್ಲ ಒಂದು ದೋಣಿ ಬೋರಲಾಗಿ ಮಲಗಿರುತ್ತದೆ, ಹುಲ್ಲಿನ ಮೇಲೆ ಒಂದು ಟೆಂಟು ಹರಡಿರುತ್ತದೆ, ಒಳಗಿನಿಂದ ‘ಇದನ್ನೆಲ್ಲ ಯಾವಾಗ ಎತ್ತಿಡ್ತೀರಿ?’ ಎಂಬ ಪ್ರಶ್ನೆ ಅರ್ಧ ಗಂಟೆಗೊಮ್ಮೆ ಕೇಳಿಬರುತ್ತಿರುತ್ತದೆ. ಇದು ಎಲ್ಲರ ಮನೆಯ ಕಥೆಯೇ ಆದ್ದರಿಂದ ನಾನು ದೂರುವುದಿಲ್ಲ. ನನ್ನ ದೂರು ಏನಿದ್ದರೂ, ನಮ್ಮ ಮನೆಯ ಮುಂದೆ ಇವುಗಳ ಜೊತೆಗೆ ರಾಯರೂ ಇರುತ್ತಾರೆ ಎಂಬುದು.

ರಾಯರು ಈ ದೋಣಿಯ ಅರ್ಧ ಒಡೆಯರು. ಬಾಡಿಗೆಗೆ ದೋಣಿ ಕೊಡುವ ಅಂಗಡಿಯೊಂದು ಋತು ಮುಗಿದ ಮೇಲೆ ತನ್ನ ಹಳೆಯ ಸರಕನ್ನು ಮಾರುತ್ತಿದ್ದಾಗ ನಾವಿಬ್ಬರೂ ಸೇರಿ ಕೊಂಡ ಕೆವ್ಲಾರ್ ಕನೂ ಇದು. 18.5 ಅಡಿ ಉದ್ದವಿದ್ದರೂ ತೂಕ ಸುಮಾರು 20 ಕೆಜಿ. ಇದಕ್ಕಿಂತ ಗಿಡ್ಡನೆಯ ಅಲ್ಯೂಮಿನಿಯಂ ದೋಣಿಯೂ 30 ಕೆಜಿ ದಾಟುತ್ತದೆ. ಈ ವ್ಯತ್ಯಾಸದ ಬೆಲೆ ದೋಣಿಯನ್ನು ತಲೆಯ ಮೇಲೆ ಹೊತ್ತವರಿಗೆ ಮಾತ್ರ ಗೊತ್ತು. ಕೆನಡಾದ ಗಡಿಗೆ ಅಂಟಿಕೊಂಡಿರುವ ಆ ಸುಮಾರು 11 ಲಕ್ಷ ಎಕರೆ ಕಾಡಿನಲ್ಲಿ ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವಿನ ಕಾಲುದಾರಿಯಲ್ಲಿ ದೋಣಿಯನ್ನೂ ಗಂಟುಮೂಟೆಯನ್ನೂ ಹೊತ್ತು ನಡೆಯಬೇಕು. ಆ ದಾರಿಗಳನ್ನು ಇಂದಿಗೂ ರಾಡ್ ಎಂಬ ಹಳೆಯ ಅಳತೆಯಲ್ಲಿ ಎಣಿಸುತ್ತಾರೆ. ಒಂದು ರಾಡ್ ಎಂದರೆ 16.5 ಅಡಿ, ಹೆಚ್ಚುಕಡಿಮೆ ಒಂದು ದೋಣಿಯ ಉದ್ದ; 320 ರಾಡ್ ಸೇರಿದರೆ ಒಂದು ಮೈಲಿ. ನಕ್ಷೆಯಲ್ಲಿ ‘180’ ಎಂದು ಬರೆದಿರುವ ದಾರಿ ಸಣ್ಣದೆಂದು ನಂಬಿ ಹೊರಟವರ ಕತ್ತು ವಾರಗಟ್ಟಲೆ ಒಂದೇ ಕಡೆಗೆ ತಿರುಗಿಕೊಂಡಿರುತ್ತದೆ.

ಕೆವ್ಲಾರ್ ಎಂದರೆ ಗುಂಡು ತಡೆಯುವ ಕವಚದ ಬಟ್ಟೆ. ಬಟ್ಟೆಯೇನೋ ಗಟ್ಟಿಯದೇ, ಆದರೆ ಅದರ ಮೇಲೆ ಹೊದಿಸಿರುವ ತೆಳ್ಳನೆಯ ರೆಸಿನ್ ಪೊರೆ ಕಲ್ಲಿಗೆ ಹೆದರುತ್ತದೆ. ಆ ಸೀಮೆಯಲ್ಲಿ ಕಲ್ಲು ಬಿಟ್ಟರೆ ನೀರು, ನೀರು ಬಿಟ್ಟರೆ ಕಲ್ಲು. ಹೀಗಾಗಿ ಪ್ರತಿ ವಸಂತದಲ್ಲಿ ದೋಣಿಯನ್ನು ಎರಡು ಮರದ ಸ್ಟ್ಯಾಂಡುಗಳ ಮೇಲೆ ಬೋರಲು ಹಾಕಿದಾಗ ಅದರ ತಳದ ತುಂಬ ಬಿಳಿಯ ಗೀರುಗಳು ಕಾಣುತ್ತವೆ. ಬಿಳಿಯ ಗೀರು ಪೊರೆಗಷ್ಟೇ ಆದ ಗಾಯ, ಅದಕ್ಕೆ ಏನೂ ಮಾಡಬೇಕಾಗಿಲ್ಲ. ಒಳಗಿನ ಹಳದಿ ನೂಲು ಜುಂಗುಜುಂಗಾಗಿ ಎದ್ದು ಬಂದಿದ್ದರೆ ಮಾತ್ರ ತೇಪೆ ಹಾಕಬೇಕು ಎಂಬುದು ಈ ಕೆಲಸ ಬಲ್ಲವರೆಲ್ಲರೂ ಒಪ್ಪುವ ಮಾತು. ರಾಯರು ಒಪ್ಪುವುದಿಲ್ಲ. ಅವರು ವಿಮೆಯ ಕಂಪನಿಯೊಂದರಲ್ಲಿ ಅಪಘಾತದ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸದಲ್ಲಿರುವವರು. ಅವರ ದೃಷ್ಟಿಯಲ್ಲಿ ಗೀರು ಎಂದಮೇಲೆ ಅದಕ್ಕೊಬ್ಬ ಹೊಣೆಗಾರ ಇರಲೇಬೇಕು.

ಅದಕ್ಕಾಗಿ ಅವರ ಬಳಿ ಒಂದು ನೀಲಿ ರಟ್ಟಿನ ಪುಸ್ತಕವಿದೆ. ಕಳೆದ ಶನಿವಾರವೂ ಅದನ್ನು ಕಂಕುಳಲ್ಲಿ ಇರುಕಿಕೊಂಡು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ನನ್ನ ಹೆಂಡತಿ ಕೊಟ್ಟ ಕಾಫಿ ಹಿಡಿದುಕೊಂಡು ಅವರು ಹಾಜರಾದರು. ಪುಸ್ತಕದಲ್ಲಿ ಗೀರಿನ ಉದ್ದ, ದೋಣಿಯ ಯಾವ ಭಾಗ, ಯಾವ ಕೆರೆ, ಕಾರಣ ಮತ್ತು ಹೊಣೆ ಎಂದು ಅಂದವಾಗಿ ಗೆರೆ ಎಳೆದ ಕಾಲಂಗಳಿವೆ. ಈಲೀ ಪಟ್ಟಣದ ಪೂರ್ವಕ್ಕೆ ಲೇಕ್ ಒನ್, ಲೇಕ್ ಟೂ, ಲೇಕ್ ಥ್ರೀ, ಲೇಕ್ ಫೋರ್ ಎಂಬ ಕೆರೆಗಳಿವೆ (ಹೆಸರಿಡುವವರಿಗೆ ಆ ಹೊತ್ತಿಗೆ ಸುಸ್ತಾಗಿತ್ತೆಂದು ಕಾಣುತ್ತದೆ). ಆದ್ದರಿಂದ ರಾಯರು ಟಾರ್ಚು ಬಿಟ್ಟು, ‘ಇದು ಟೂ, ಪಶ್ಚಿಮದ ದಡ, ನಿಮ್ಮದು. ಇದು ಥ್ರೀ, ನಿಮ್ಮದು. ಇದೂ ನಿಮ್ಮದೇ’ ಎಂದು ಓದುತ್ತಾ ಹೋಗುವಾಗ, ಯಾವುದೋ ಸಂಖ್ಯೆಯ ವಾರ್ಡಿನಲ್ಲಿ ನಾನು ಬಾಕಿ ಉಳಿಸಿಕೊಂಡಿರುವ ಕಂದಾಯವನ್ನು ಓದಿ ಹೇಳುತ್ತಿದ್ದಾರೇನೋ ಎಂದು ಪಕ್ಕದ ಮನೆಯವರಿಗೆ ಅನ್ನಿಸಿರಬಹುದು.

ಹೊಣೆ ಸದಾ ನನ್ನದೇ ಆಗಲು ರಾಯರ ಬಳಿ ಒಂದು ತರ್ಕವಿದೆ. ದೋಣಿಯ ದಿಕ್ಕನ್ನು ತಿರುಗಿಸುವವನು ಹಿಂದಿನ ಆಸನದಲ್ಲಿ ಕೂತವನು, ಅಂದರೆ ನಾನು. ಮುಂದೆ ಕೂತವರ ಕೆಲಸ ಹುಟ್ಟು ಹಾಕುವುದರ ಜೊತೆಗೆ ನೀರಿನೊಳಗಿನ ಬಂಡೆಯನ್ನು ಕಂಡು ಕೂಗಿ ಹೇಳುವುದು ಎಂಬ ಅರ್ಧವನ್ನು ಮಾತ್ರ ಅವರು ಪುಸ್ತಕದಲ್ಲಿ ಬರೆದುಕೊಂಡಿಲ್ಲ. ರಾಯರು ಕೂಗುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಮೊದಲು ದೋಣಿಯ ಕೆಳಗಿನಿಂದ ‘ಕರ್‌ರ್’ ಎಂಬ ಸದ್ದು ಬರುತ್ತದೆ, ನನ್ನ ಬೆನ್ನುಹುರಿ ನಡುಗುತ್ತದೆ, ಆಮೇಲೆ ರಾಯರು ಹಿಂದಿರುಗಿ ನೋಡದೆಯೇ, ‘ಇಲ್ಲೊಂದು ಬಂಡೆ ಇದೆ, ನೋಡಿಕೊಳ್ಳಿ’ ಎನ್ನುತ್ತಾರೆ. ಆ ಸೀಮೆಯ ಕೆಲವು ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಅಷ್ಟು ಕಾಲದಿಂದ ಇರುವ ಬಂಡೆಯನ್ನು ಇನ್ನೆರಡು ಕ್ಷಣ ಮುಂಚೆ ಗಮನಿಸಿದ್ದರೆ ಯಾರಿಗೂ ನಷ್ಟವಿರಲಿಲ್ಲ.

ಇದಕ್ಕಿಂತಲೂ ನನ್ನನ್ನು ಸುಡುವುದು ದಡ ಮುಟ್ಟುವ ಪ್ರಸಂಗ. ಕೆವ್ಲಾರ್ ದೋಣಿಯನ್ನು ದಡಕ್ಕೆ ತಾಗಿಸಲೇಬಾರದು. ಮೊಣಕಾಲುದ್ದದ ನೀರಿರುವಾಗಲೇ ಇಳಿದು, ಸಾಮಾನು ಇಳಿಸಿ, ತೇಲುತ್ತಿರುವ ದೋಣಿಯನ್ನು ಹಾಗೆಯೇ ಎತ್ತಿಕೊಳ್ಳಬೇಕು. ಅಲ್ಲಿಗೆ ಹೋಗುವವರೆಲ್ಲ ಮೊದಲ ಗಂಟೆಯಲ್ಲೇ ಬೂಟು ನೆನೆಸಿಕೊಂಡು, ಮನೆಗೆ ಮರಳುವವರೆಗೆ ಒದ್ದೆ ಕಾಲಿನಲ್ಲೇ ಸುಖವಾಗಿರುತ್ತಾರೆ. ರಾಯರಿಗೆ ಕಾಲು ಒದ್ದೆಯಾದರೆ ಶೀತವಾಗುತ್ತದೆ, ಶೀತವಾದರೆ ಕಿವಿ ನೋಯುತ್ತದೆ, ಕಿವಿ ನೋವನ್ನು ಅಲಕ್ಷ್ಯ ಮಾಡಿದರೆ ಏನಾಗುತ್ತದೆಂಬುದನ್ನು ಅವರ ತಾಯಿ ಮೈಸೂರಿನಲ್ಲಿ ಅವರಿಗೆ ಚಿಕ್ಕಂದಿನಲ್ಲೇ ವಿವರಿಸಿದ್ದಾರೆ. ಆದ್ದರಿಂದ ನಾನು ಹಿಂದಿನಿಂದ ‘ಇಳೀರಿ, ಇಳೀರಿ’ ಎಂದು ಕೂಗುತ್ತಿರುವಾಗ ಅವರು ಹುಟ್ಟನ್ನು ತೊಡೆಯ ಮೇಲೆ ಅಡ್ಡವಿಟ್ಟುಕೊಂಡು, ದೋಣಿಯ ಮೂತಿ ಜಲ್ಲಿಯ ಮೇಲೆ ಚೆನ್ನಾಗಿ ಉಜ್ಜಿ ನಿಲ್ಲುವವರೆಗೂ ಸಮಾಧಾನದಿಂದ ಕಾಯುತ್ತಾರೆ. ನಂತರ ಪ್ಯಾಂಟನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು ಒಣ ನೆಲಕ್ಕೆ ಕಾಲಿಡುತ್ತಾರೆ. ಅಷ್ಟರಲ್ಲಿ ನನ್ನ ಕಡೆಯ ನೀರು ಎದೆಯುದ್ದ ಇರುತ್ತದೆ. ‘ದೋಣಿ ನಿಲ್ಲಿಸೋದು ನಿಮ್ಮ ಕೆಲಸ ಅಲ್ವೇ?’ ಎಂದು ಅವರು ದಡದ ಮೇಲಿನಿಂದ ಕೇಳುತ್ತಾರೆ. ಇಡೀ ತಳದಲ್ಲಿ ಹಳದಿ ನೂಲು ಎದ್ದಿರುವ ಜಾಗ ಒಂದೇ, ಅದು ಅವರ ಪಾದದ ಕೆಳಗಿನ ಮೂತಿ. ಪುಸ್ತಕದಲ್ಲಿ ಅದರ ಕಾರಣ ‘ಸಹಜ ಸವೆತ’ ಎಂದಿದೆ.

ಸಹಜವಾಗಿ ಸವೆದದ್ದಕ್ಕೆ ತೇಪೆ ಹಾಕುವವನು ನಾನು. ನೂಲನ್ನು ಮರಳುಕಾಗದದಿಂದ ಉಜ್ಜಿದರೆ ಇನ್ನಷ್ಟು ಜುಂಗೇಳುತ್ತದೆಯಾದ್ದರಿಂದ ಅದನ್ನು ಹರಿತವಾದ ಬ್ಲೇಡಿನಿಂದ ಸವರಿ, ಸುತ್ತಲಿನ ಪೊರೆಯನ್ನಷ್ಟೇ ಉಜ್ಜಿ, ಒರೆಸಿ, ಒಂದು ಡಬ್ಬಿಯ ರೆಸಿನ್‌ಗೆ ಇನ್ನೊಂದು ಡಬ್ಬಿಯ ಹಾರ್ಡನರ್ ಬೆರೆಸಿ ಎಪಾಕ್ಸಿ ಅಂಟು ಕಲಸಿಕೊಂಡೆ. ಎಪಾಕ್ಸಿಗೆ ಚಳಿಯಾಗದು, ನಮ್ಮ ಮೇ ತಿಂಗಳಿಗೆ ಬೆಚ್ಚಗಾಗದು. ಗಂಟೆಗಳು ಕಳೆದರೂ ತೇಪೆ ಬೆರಳಿಗೆ ಅಂಟುತ್ತಿದ್ದುದನ್ನು ಕಂಡ ರಾಯರು, ‘ಆ ಎರಡನೇ ಡಬ್ಬೀದು ಸ್ವಲ್ಪ ಜಾಸ್ತಿ ಹಾಕಬೇಕಿತ್ತು ಕಣ್ರೀ, ಹೆಪ್ಪು ಜಾಸ್ತಿ ಹಾಕಿದ್ರೆ ಮೊಸರು ಬೇಗ ಆಗುತ್ತಲ್ಲ, ಹಾಗೆ’ ಎಂದರು. ಹಾರ್ಡನರ್ ಹೆಪ್ಪಲ್ಲ, ಎರಡೂ ನಿಗದಿಯಾದ ಪ್ರಮಾಣದಲ್ಲೇ ಒಂದಕ್ಕೊಂದು ಬೆಸೆದುಕೊಳ್ಳಬೇಕು, ಹೆಚ್ಚಿಗೆ ಸುರಿದದ್ದು ಬೆಸೆಯಲು ಜೊತೆಯಿಲ್ಲದೆ ಉಳಿದು ತೇಪೆಯನ್ನೇ ಮೆತ್ತಗಾಗಿಸುತ್ತದೆ ಎಂದು ವಿವರಿಸುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ಮನೆಯೊಳಗಿನ ಹೀಟರನ್ನು ತಂದು ಅದರ ಮುಂದಿಟ್ಟೆ. ರಾಯರು ತಮ್ಮ ಕುರ್ಚಿಯನ್ನು ಹೀಟರಿನ ಹತ್ತಿರಕ್ಕೆ ಎಳೆದುಕೊಂಡರು.

ಉಳಿದ ಸಾಮಾನುಗಳ ವಿಷಯ ಹೆಚ್ಚು ಹೇಳುವಂತಿಲ್ಲ. ನೀರು ಸೋಸುವ ಫಿಲ್ಟರಿನೊಳಗಿನ ಟೊಳ್ಳು ನಾರುಗಳು ಒಮ್ಮೆ ಹೆಪ್ಪುಗಟ್ಟಿದರೆ ಬಿರುಕು ಬಿಡುತ್ತವೆ, ಬಿಟ್ಟದ್ದು ಹೊರಗೆ ಕಾಣುವುದೂ ಇಲ್ಲ. ಹಾಗಾಗಿ ಅದು ಚಳಿಗಾಲವನ್ನೆಲ್ಲ ನಮ್ಮ ಮನೆಯ ದೇವರ ಗೂಡಿನ ಕೆಳಗೆ, ಗಂಗಾಜಲದ ಗಿಂಡಿಯ ಪಕ್ಕದಲ್ಲಿ ಕಳೆಯುತ್ತದೆ. ಊರಿನಿಂದ ಬಂದಿದ್ದ ನಮ್ಮ ಅತ್ತೆಯವರು ಒಮ್ಮೆ ಅದಕ್ಕೂ ಕುಂಕುಮ ಇಟ್ಟಿದ್ದರು. ಕಾಡಿಗೆ ಗಾಜಿನ ಸೀಸೆ, ಡಬ್ಬದ ಆಹಾರ ಒಯ್ಯುವಂತಿಲ್ಲವೆಂಬ ನಿಯಮದಿಂದಾಗಿ ಪ್ಲಾಸ್ಟಿಕ್ ಭರಣಿಗೆ ವರ್ಗವಾದ ಮಾವಿನಮಿಡಿ ಉಪ್ಪಿನಕಾಯಿ ಸೋರಿ, ಊಟದ ಚೀಲಕ್ಕೆ ಹತ್ತಿದ ವಾಸನೆ ಎಷ್ಟು ತೊಳೆದರೂ ಹೋಗಿಲ್ಲ. ಅದನ್ನು ರಾತ್ರಿ ಕರಡಿಗೆ ಸಿಗದಷ್ಟು ಎತ್ತರಕ್ಕೆ ಕಟ್ಟುವಾಗ ನಮಗೇ ಬಾಯಲ್ಲಿ ನೀರೂರುತ್ತದೆ. ಟೆಂಟು ಮಾತ್ರ ರಾಯರ ಮನೆಯಲ್ಲಿರುತ್ತದೆ. ಒಣಗಿಸದೆ ಮಡಿಚಿಟ್ಟ ಟೆಂಟಿನ ಒಳಪದರದಲ್ಲಿ ನೀರು ತಡೆಯುವ ಪಾಲಿಯುರೆಥೇನ್ ಲೇಪ ತೇವಕ್ಕೆ ಕೊಳೆತು, ಅಂಟಂಟಾಗಿ, ವಾಂತಿಯ ವಾಸನೆ ಬರುವ ಸ್ಥಿತಿ ತಲುಪಿತ್ತು. ಅದನ್ನು ಬಿಡಿಸಿದೊಡನೆ ನಾನು ನೀಲಿ ಪುಸ್ತಕದ ಕಡೆ ನೋಡಿದೆ. ಪುಸ್ತಕದಲ್ಲಿ ಟೆಂಟಿಗೆ ಪುಟವಿಲ್ಲವಂತೆ.

ತೇಪೆ ಒಣಗುವವರೆಗೆ ಬೇರೆ ಕೆಲಸವಿಲ್ಲದೆ ಆ ಪುಸ್ತಕವನ್ನು ಮೊದಲ ಹಾಳೆಯಿಂದ ತಿರುವಿದೆ. ಹಳೆಯ ಪುಟಗಳಲ್ಲಿ ಗೀರುಗಳು ದಟ್ಟವಾಗಿವೆ. ಆಗ ನಡುವಿನ ಜಾಗದಲ್ಲಿ ರಾಯರ ಮಗನೂ ನನ್ನ ಮಗಳೂ ಕೂತಿರುತ್ತಿದ್ದರು. ಅವರ ಭಾರಕ್ಕೆ ದೋಣಿ ಎರಡು ಬೆರಳು ಹೆಚ್ಚಿಗೆ ಮುಳುಗಿ, ಈಗ ನಾವು ಮೇಲೆಯೇ ತೇಲಿಹೋಗುವ ಬಂಡೆಗಳನ್ನೆಲ್ಲ ಆಗ ಸವರಿಕೊಂಡೇ ಹೋಗುತ್ತಿತ್ತು. ಲೂನ್ ಹಕ್ಕಿ ಮುಳುಗಿದ ಕಡೆಗೆ ಇಬ್ಬರೂ ಒಟ್ಟಿಗೆ ಬಾಗಿ, ಅದು ಎಲ್ಲಿ ಏಳುತ್ತದೆಂದು ಪಂದ್ಯ ಕಟ್ಟಿ, ನಮ್ಮಿಬ್ಬರ ಪ್ರಾಣ ಬಾಯಿಗೆ ಬರಿಸುತ್ತಿದ್ದರು. ಈಗ ಒಬ್ಬ ದೂರದ ಕಾಲೇಜಿನಲ್ಲಿದ್ದಾನೆ, ಇನ್ನೊಬ್ಬಳಿಗೆ ಬೇಸಿಗೆಯಲ್ಲಿ ಕೆಲಸ. ಗೀರುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿವೆ. ಅದಕ್ಕೆ ಮುಂದಿನ ಆಸನದ ಎಚ್ಚರಿಕೆಯೇ ಕಾರಣ ಎಂದು ರಾಯರ ಅಭಿಪ್ರಾಯ. ಆ ಹಳೆಯ ಪುಟಗಳಲ್ಲಿ ‘ಹೊಣೆ’ ಎಂಬ ಕಾಲಂ ಇಲ್ಲ. ಮಕ್ಕಳು ಬರುವುದನ್ನು ನಿಲ್ಲಿಸಿದ ಮೇಲೆ ಅವರು ಅದನ್ನು ಸೇರಿಸಿದ್ದಾರೆ.

ಮರುದಿನ, ತೇಪೆ ಸೋರುತ್ತದೆಯೇ ನೋಡಲು ಹತ್ತಿರದ ಕೆರೆಯಲ್ಲಿ ದೋಣಿ ಇಳಿಸಿದೆವು. ಈ ವರ್ಷ ನೀರಿನಲ್ಲೇ ಇಳಿಯಲೇಬೇಕೆಂದು ನಾನು ಹಿಡಿದ ಹಟಕ್ಕೆ ಮಣಿದು, ರಾಯರು ಮೊಣಕಾಲಿನವರೆಗೆ ಬರುವ ಹೊಚ್ಚಹೊಸ ರಬ್ಬರ್ ಬೂಟು ತೊಟ್ಟು ಬಂದಿದ್ದರು. ದಡ ಇನ್ನೂ ಎರಡು ದೋಣಿಯಷ್ಟು ದೂರವಿರುವಾಗ, ನಾನು ಬಾಯಿ ತೆರೆಯುವ ಮೊದಲೇ, ‘ನೋಡಿ, ಇಳಿದೆ’ ಎಂದು ಘೋಷಿಸಿ ಅವರು ಇಳಿದೇಬಿಟ್ಟರು. ನೀರು ತೊಡೆಯವರೆಗಿತ್ತು. ಬೂಟುಗಳು ಗುಳುಗುಳು ಎಂದು ತುಂಬಿಕೊಂಡವು. ತುಂಬಿದ ಬೂಟನ್ನು ಕೆಸರಿನಿಂದ ಕೀಳಲಾಗದೆ ಅವರು ದೋಣಿಯ ಅಂಚನ್ನು ಹಿಡಿದು ನೇತಾಡಿದ್ದರಿಂದ ಅದು ಅಡ್ಡಕ್ಕೆ ತಿರುಗಿ, ಆ ಕೆರೆಯಲ್ಲಿದ್ದ ಒಂದೇ ಒಂದು ಕಾಂಕ್ರೀಟ್ ಕಟ್ಟೆಗೆ ಹೋಗಿ ಉಜ್ಜಿತು. ತೇಪೆ ಸೋರಲಿಲ್ಲ. ಕಾರಿನ ಸೀಟಿನಲ್ಲಿ ಟವೆಲ್ ಸುತ್ತಿಕೊಂಡು ಕೂತ ರಾಯರು ಎರಡು ಸಲ ಸೀನಿ, ಪುಸ್ತಕ ತೆರೆದು, ಹೊಸ ಗೀರಿನ ಉದ್ದವನ್ನು ನನ್ನಿಂದಲೇ ಕೇಳಿ ಬರೆದುಕೊಂಡರು. ಕಾರಣದ ಕಾಲಂನಲ್ಲಿ, ನೀರು ಎಷ್ಟು ಆಳವಿದೆಯೆಂಬುದನ್ನು ಹಿಂದಿನ ಆಸನದಿಂದ ಮುಂಚಿತವಾಗಿ ತಿಳಿಸಲಿಲ್ಲ ಎಂದಿದೆ.