ಅರ್ಧ ಕೆಜಿ ತೊಗರಿಬೇಳೆ ಮತ್ತು ನನ್ನ ಟ್ಯಾಬು

ಹತ್ತು ಸಾವಿರದ ಒಳಗೆ ಒಂದು ಟ್ಯಾಬ್ ತಗೋಬೇಕು, ಬರೀ ಓದೋಕೆ. ಇಷ್ಟೇ ಇದ್ದಿದ್ದು ಪ್ಲಾನು. ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಟ್ಟ ಹಳೇ ಕನ್ನಡ ಪುಸ್ತಕಗಳು ರಾಶಿ ಬಿದ್ದಿವೆ, ಎಲ್ಲಾ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳೇ, ಫೋನಲ್ಲಿ ಓದೋಕೆ ಹೋದ್ರೆ ದೊಡ್ಡದು ಮಾಡ್ಕೊಂಡು ಒಂದೊಂದು ಸಾಲನ್ನೂ ಎಡಕ್ಕೂ ಬಲಕ್ಕೂ ತಳ್ತಾ ಕೂರ್ಬೇಕು, ಪುಟ ಮುಗಿಯೋ ಹೊತ್ತಿಗೆ ನಾಯಕಿ ಯಾಕೆ ಅಳ್ತಿದ್ಲು ಅನ್ನೋದೇ ಮರೆತುಹೋಗಿರುತ್ತೆ.

ಮೊದ್ಲು ಫ್ರೆಂಡ್ ಹತ್ರ ಆರಿಂಚಿನ ಇ-ಇಂಕ್ ರೀಡರ್ (ಕಾಗದದ ಥರ ಕಾಣೋ ಪರದೆಯ ಓದೋ ಯಂತ್ರ) ಇಸ್ಕೊಂಡು ನೋಡಿದೆ. ಕಣ್ಣಿಗೆ ತಂಪು, ಸುಳ್ಳು ಹೇಳಲ್ಲ. ಆದ್ರೆ ಇಡೀ ಪುಟ ಅದರೊಳಗೆ ತುರುಕಿದ್ರೆ ಒತ್ತಕ್ಷರಗಳು ಸತ್ತ ಇರುವೆ ಥರ ಕಾಣ್ತವೆ.

ಸರಿ, ಎಂಟಿಂಚೋ ಹತ್ತಿಂಚೋ? ನ್ಯೂಸ್‌ಪೇಪರ್ ಕತ್ತರಿಸಿ ನೋಡೋಣ ಅಂತ ಸ್ಕೇಲಿಟ್ಟು ಎಂಟಿಂಚು ಅಗಲ ಕತ್ತರಿಸಿದೆ, ಅದೊಳ್ಳೆ ತಿಂಡಿ ಬಾಳೆಎಲೆ ಥರ ಆಯ್ತು. ಮಗಳು ಬಂದು "ಅಪ್ಪಾ, ಸ್ಕ್ರೀನನ್ನ ಮೂಲೆಯಿಂದ ಮೂಲೆಗೆ ಅಳೆಯೋದು" ಅಂದ್ಲು. ಆ ಲೆಕ್ಕದಲ್ಲಿ ಎಂಟಿಂಚಿನ ಟ್ಯಾಬ್ ಅಗಲ ನಾಲ್ಕಿಂಚು ಚಿಲ್ಲರೆ, 10.1 ಇಂಚಿಂದು ಸುಮಾರು ಎಂಟೂವರೆ ಉದ್ದ ಐದೂಕಾಲು ಅಗಲ. ಕಪಾಟಿಂದ ಡೆಮಿ 1/8 ಅನ್ನೋ ಮಾಮೂಲಿ ಸೈಜಿನ ಒಂದು ಕಾದಂಬರಿ ತೆಗೆದು ಪಕ್ಕ ಇಟ್ರೆ ಅವಳಿಜವಳಿ! ಹತ್ತಿಂಚೇ ಫಿಕ್ಸು.

ಆದ್ರೆ ತೂಕ ಅರ್ಧ ಕೆಜಿ ಅಂತೆ. ನಾನು ಓದೋದು ಮಲಗ್ಕೊಂಡು. ಟ್ರಯಲ್ ನೋಡದೆ ತಗೊಳ್ಳೋದು ಹೇಗೆ ಅಂತ ಅಡುಗೆಮನೆಯಿಂದ ಅರ್ಧ ಕೆಜಿ ತೊಗರಿಬೇಳೆ ಪ್ಯಾಕೆಟ್ ತಂದು, ಮಂಚದ ಮೇಲೆ ಅಂಗಾತ ಮಲಗಿ, ಮುಖದ ಮೇಲೆ ಎರಡೂ ಕೈಯಲ್ಲಿ ಹಿಡ್ಕೊಂಡು ಹತ್ತು ನಿಮಿಷ ಅಂತ ಟೈಮರ್ ಹಾಕಿದೆ. ನಾಲ್ಕನೇ ನಿಮಿಷಕ್ಕೆ ಜೋಂಪು ಹತ್ತಿತು. ಪ್ಯಾಕೆಟ್ ಬಾಯಿಗೆ ಇವಳು ಬರೀ ರಬ್ಬರ್‌ಬ್ಯಾಂಡ್ ಹಾಕಿದ್ದು ಗೊತ್ತಾಗಿದ್ದು ಮೂಗಿನ ಹೊಳ್ಳೆಗೆ ಬೇಳೆ ಹೋದಾಗ್ಲೇ.

"ಏನ್ರೀ ಇದು?"

"ಟ್ಯಾಬ್ ನೋಡ್ತಿದ್ದೆ ಕಣೇ."

ಅವಳು ಮಾತಾಡ್ಲಿಲ್ಲ, ಪೊರಕೆ ಕೊಟ್ಟು ಹೋದ್ಲು.

ಕೊನೆಗೆ ತಗೊಂಡಿದ್ದು ಹತ್ತಿಂಚಿಂದೇ. 2 ಜಿಬಿ ರ‍್ಯಾಮ್‌ದು ಬಜೆಟ್ಟಿಗೆ ಸರಿಹೋಗ್ತಿತ್ತು, ಆದ್ರೆ ಅಂಗಡೀಲಿ ನನ್ನದೇ ಒಂದು ದಪ್ಪ ಪಿಡಿಎಫ್ ಹಾಕಿ ನೋಡಿದ್ರೆ ಪುಟ ತಿರುಗೋಷ್ಟರಲ್ಲಿ ಆಕಳಿಕೆ ಬಂತು, 4 ಜಿಬಿಗೆ ಹೋದೆ, ಕವರ್ ಸೇರಿ ಹನ್ನೆರಡು ಸಾವಿರದ ಚಿಲ್ಲರೆ.

ಮನೆಗೆ ಬಂದು ಮೊದಲ ದಿನವೇ ಇನ್ನೊಂದು ಅಧಿಕಪ್ರಸಂಗ. ನುಡಿ ಫಾಂಟಲ್ಲಿ ಟೈಪ್ ಮಾಡಿದ ಒಂದು ಪಿಡಿಎಫ್, ಚೆನ್ನಾಗೇ ಕಾಣ್ತಿತ್ತು, ಅಕ್ಷರ ಇನ್ನೂ ದಪ್ಪ ಆಗ್ಲಿ ಅಂತ ರೀಫ್ಲೋ (ಸಾಲುಗಳನ್ನ ಪರದೆಗೆ ತಕ್ಕಂತೆ ಮತ್ತೆ ಜೋಡಿಸೋ ಬಟನ್ನು) ಒತ್ತಿದೆ ನೋಡಿ, ಇಡೀ ಪುಟದ ತುಂಬ ತಲೆ ಮೇಲೆ ಗೀಟು ಎಳೆಸ್ಕೊಂಡ ಇಂಗ್ಲಿಷ್ 'ಎ'ಗಳು! ಹಾಳಾಯ್ತಾ ಹನ್ನೆರಡು ಸಾವಿರ ಅಂತ ಎದೆ ಧಸಕ್ ಅಂತು. ಅದು ಯೂನಿಕೋಡ್ ಅಲ್ಲ, ಒಳಗಿರೋದು ಇಂಗ್ಲಿಷ್ ಅಕ್ಷರಗಳೇ, ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿರುತ್ತೆ, ರೀಫ್ಲೋ ಮಾಡಿದ್ರೆ ಹಂಗೇ ಬರೋದು ಅಂತ ಮಗಳು ಆಫ್ ಮಾಡಿಕೊಟ್ಲು.

ಮಲಗಿ ಓದೋ ಧೈರ್ಯ ಮಾತ್ರ ಇನ್ನೂ ಬಂದಿಲ್ಲ. ಊಟದ ಟೇಬಲ್ ಮೇಲೆ ಅದೇ ಬೇಳೆ ಪ್ಯಾಕೆಟ್‌ಗೆ ಒರಗಿಸಿ ಓದ್ತೀನಿ, ಏಳುನೂರು ರೂಪಾಯಿ ಕವರಿಗಿಂತ ಗಟ್ಟಿಯಾಗಿ ನಿಲ್ಲುತ್ತೆ. ನಿನ್ನೆ ನಾಯಕಿ ಬಾವಿ ಕಟ್ಟೆ ಹತ್ತಿದ್ಲು, ಅಷ್ಟರಲ್ಲಿ ಸಾರಿಗೆ ಬೇಳೆ ಬೇಕು ಅಂತ ಇವಳು ಸ್ಟ್ಯಾಂಡ್ ಎತ್ಕೊಂಡು ಹೋದ್ಲು.