ಮೊಹರು ಬಿದ್ದ ಮೇಲೆ ಕ್ಯೂಬಾ ದ್ವೀಪವಲ್ಲ

1494ರ ಜೂನ್ 12. ಕ್ಯೂಬಾದ ದಕ್ಷಿಣ ಕರಾವಳಿ. ಮೂರು ಹಡಗು, ಸೋರುವ ತಳ, ಬರಿದಾಗುತ್ತ ಬಂದ ಉಗ್ರಾಣ. ಎದುರಿಗಿರುವುದು ಏಷ್ಯಾದ ಅಂಚೋ, ಬರೀ ದ್ವೀಪವೋ ಎಂದು ತಿಳಿಯಬೇಕಾದರೆ ಇನ್ನಷ್ಟು ಪಶ್ಚಿಮಕ್ಕೆ ಹೋಗಿ ಕಣ್ಣಾರೆ ನೋಡಬೇಕು. ಅದು ದಡ್ಡರ ದಾರಿ. ಅಡ್ಮಿರಲ್ ಕೊಲಂಬಸ್ ಸಾಹೇಬರು ನೋಟರಿಯನ್ನು ಕರೆಸಿದರು.

ಫೆರ್ನಾಂಡ್ ಪೆರೆಸ್ ದೆ ಲೂನಾ ಎಂಬ ಆ ಪುಣ್ಯಾತ್ಮ ಕಾಗದ, ಮಸಿ ಹಿಡಿದು ಹಡಗಿನಿಂದ ಹಡಗಿಗೆ ಹೋದ. ಎಲ್ಲರೂ ಪ್ರಮಾಣ ಮಾಡಬೇಕು: ಇದು ದ್ವೀಪವಲ್ಲ, ಖಂಡದ ನೆಲ. ಮುಂದೆ ಯಾವತ್ತಾದರೂ ಮಾತು ತಿರುಗಿಸಿದರೆ 10,000 ಮರಾವೆದಿ (ಆಗಿನ ಸ್ಪೇನಿನ ನಾಣ್ಯ) ದಂಡ, ಮೇಲೆ ನಾಲಿಗೆಗೆ ಕತ್ತರಿ. ಹಡಗಿನ ಚಿಲ್ಲರೆ ಹುಡುಗರ ಹತ್ತಿರ ಅಷ್ಟು ದುಡ್ಡೆಲ್ಲಿ? ಅವರಿಗೆ 100 ಛಡಿ ಏಟು. ನಾಲಿಗೆಯ ವಿಷಯದಲ್ಲಿ ಮಾತ್ರ ಬಡವ-ಬಲ್ಲಿದ ಎಂಬ ಭೇದ ಮಾಡಿರಲಿಲ್ಲ. ಒಬ್ಬೊಬ್ಬರಾಗಿ ಪ್ರಮಾಣ ಮಾಡಿದರು. ಭೂಗೋಳ ಇತ್ಯರ್ಥವಾಯಿತು.

(ಈ 10,000ದ ಮೇಲೆ ಸಾಹೇಬರಿಗೆ ಹಳೆಯ ಮಮತೆ. 1492ರಲ್ಲಿ ಮೊದಲು ನೆಲ ಕಂಡವನಿಗೆ ಗೊತ್ತುಮಾಡಿದ್ದ ವರ್ಷಾಶನವೂ ಅಷ್ಟೇ. ನೆಲ ಕಂಡು ಕೂಗಿದ್ದು ಒಬ್ಬ ನಾವಿಕ. ಹಿಂದಿನ ರಾತ್ರಿಯೇ ತಮಗೆ ದೂರದಲ್ಲೊಂದು ಬೆಳಕು ಕಂಡಿತ್ತೆಂದು ಹೇಳಿ ದುಡ್ಡು ಪಡೆದದ್ದು ಸಾಹೇಬರು.)

ಅತ್ತ ಸ್ಪೇನಿನ ತೊರ್ದೆಸಿಯಾಸ್ ಎಂಬ ಊರಿನಲ್ಲಿ, ಇದಕ್ಕೆ ಐದೇ ದಿನ ಮೊದಲು, ಇನ್ನೂ ಭಾರಿ ಪತ್ರವೊಂದಕ್ಕೆ, ಸ್ಪೇನ್-ಪೋರ್ಚುಗಲ್ ಒಪ್ಪಂದಕ್ಕೆ, ಸಹಿ ಬಿದ್ದಿತ್ತು. ಪೋಪ್ ಆರನೇ ಅಲೆಕ್ಸಾಂಡರ್, ಹುಟ್ಟಿನಿಂದ ಸ್ಪೇನಿನವರೇ, 1493ರಲ್ಲಿ ಸಮುದ್ರದ ನಡುವೆ ಒಂದು ಗೆರೆ ಎಳೆದು ಅದರಾಚೆಯದನ್ನೆಲ್ಲ ಸ್ಪೇನಿಗೆ ಬರೆದುಕೊಟ್ಟಿದ್ದರು. ಅದೇ ಹೊತ್ತಿಗೆ ಅವರ ಅರಮನೆಯ ಗೋಡೆ-ಚಾವಣಿಗಳಿಗೆ ಚಿತ್ರಕಾರ ಪಿಂತುರಿಕ್ಕಿಯೊ ಬಣ್ಣ ಬಳಿಯುತ್ತಿದ್ದ. ಪೋಪರ ಬೋರ್ಜಿಯಾ ಮನೆತನದ ಲಾಂಛನ ಗೂಳಿ ತಾನೇ? ಚಾವಣಿಯಲ್ಲಿ ಈಜಿಪ್ಟಿನ ದೇವರಗೂಳಿ ಏಪಿಸ್ ಪ್ರತ್ಯಕ್ಷವಾಯಿತು. ಗೂಳಿಗೇ ವಂಶಾವಳಿ ಹೊಂದಿಸಿದವರಿಗೆ ಸಾಗರ ಹಂಚುವುದು ಯಾವ ಲೆಕ್ಕ!

ಪೋರ್ಚುಗಲ್ಲಿನ ದೊರೆ ಜುವಾಂವ್ ಒಪ್ಪಲಿಲ್ಲ. ಎಳೆದಾಡಿ ಗೆರೆಯನ್ನು ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡೆ ದ್ವೀಪಗಳಿಂದ 370 ಲೀಗ್ ಪಶ್ಚಿಮಕ್ಕೆ ಸರಿಸಿದ್ದಾಯಿತು. ಯಾವ ದ್ವೀಪದಿಂದ? ಬರೆದಿಲ್ಲ. ಲೀಗ್ ಎಂದರೆ ಎಷ್ಟುದ್ದ? ಅದನ್ನೂ ಬರೆದಿಲ್ಲ. ಇಷ್ಟು ಚಂದದ ಚಕ್ಕುಬಂದಿ ಇಟ್ಟುಕೊಂಡು ಎರಡು ಗುಂಟೆ ಸೈಟೂ ನೋಂದಣಿಯಾಗುವುದಿಲ್ಲ, ಭೂಮಂಡಲವಾದ್ದರಿಂದ ನಡೆಯಿತು. ಹತ್ತು ತಿಂಗಳೊಳಗೆ ಎರಡೂ ಕಡೆಯ ಹಡಗುಗಳು ಹೋಗಿ ಹದ್ದುಬಸ್ತು ಮಾಡತಕ್ಕದ್ದು ಎಂಬ ಷರತ್ತೇನೋ ಇತ್ತು. ಆ ಸರ್ವೆ ಹಡಗು ಹೊರಡಲೇ ಇಲ್ಲ.

ಗೆರೆಯ ಪೂರ್ವಕ್ಕೆ ಸಿಕ್ಕಿದ್ದೆಲ್ಲ ಪೋರ್ಚುಗಲ್ಲಿನ ಪಾಲು. 1498ರಲ್ಲಿ ವಾಸ್ಕೋ ಡ ಗಾಮಾ ಕಾರವಾರದೆದುರಿನ ಅಂಜುದೀವದಲ್ಲಿ ಲಂಗರು ಹಾಕುವ ಹೊತ್ತಿಗೆ ಆ ಕಡಲು ವಿಲೇವಾರಿಯಾಗಿ ನಾಲ್ಕು ವರ್ಷ ಕಳೆದಿತ್ತು. ತಕರಾರಿದ್ದವರು ಅರ್ಜಿ ಹಾಕಿಕೊಳ್ಳಿ ಎಂದು ವಿಜಯನಗರಕ್ಕೆ ಯಾರೂ ನೋಟಿಸು ಕಳಿಸಿರಲಿಲ್ಲ. ಸಾಹೇಬರ ಪದ್ಧತಿ ಇದಕ್ಕಿಂತ ವಾಸಿ: ದ್ವೀಪಗಳಲ್ಲಿ ಬಾವುಟ ಬಿಚ್ಚಿ ಸ್ವಾಧೀನ ಘೋಷಿಸಿದಾಗ ಯಾರೂ ಆಕ್ಷೇಪಿಸಲಿಲ್ಲವೆಂದು ತಾವೇ ಪತ್ರದಲ್ಲಿ ಬರೆದಿದ್ದಾರೆ. ಘೋಷಣೆ ಕೂಗಿದ್ದು ಅಲ್ಲಿಯವರು ಹುಟ್ಟಿದಮೇಲೆ ಕೇಳದ ಭಾಷೆಯಲ್ಲಿ ಎಂಬುದು ತಾಂತ್ರಿಕ ವಿಷಯ.

ಕ್ಯೂಬಾದ ಪ್ರಮಾಣಕ್ಕೆ ಒಳಪಟ್ಟವರಲ್ಲಿ ನಕಾಶೆ ಬರೆಯುವ ಹ್ವಾನ್ ದೆ ಲಾ ಕೋಸಾ ಕೂಡ ಒಬ್ಬ. 1500ರಲ್ಲಿ ಆತ ತೊಗಲಿನ ಮೇಲೆ ದೊಡ್ಡದೊಂದು ಜಗತ್ತಿನ ನಕಾಶೆ ಬರೆದ. ಪಶ್ಚಿಮದ ತುದಿಯಲ್ಲಿ, ಬಾಲ ಯೇಸುವನ್ನು ಹೆಗಲ ಮೇಲೆ ಹೊತ್ತು ನೀರು ದಾಟುತ್ತಿರುವ ಸಂತ ಕ್ರಿಸ್ಟೋಫರ್. ಸಾಹೇಬರ ಹೆಸರಿನ ಸಂತ, ಮರ್ಯಾದೆಗೆ ಕೊರತೆಯಿಲ್ಲ. ಕ್ಯೂಬಾದ ಸುತ್ತ ಮಾತ್ರ ನಾಲ್ಕೂ ಕಡೆ ನೀರು. ಅವನ ನಾಲಿಗೆಗೆ ಏನೂ ಆಗಲಿಲ್ಲ. ದಂಡವಿದ್ದದ್ದು ಬಾಯಿಬಿಟ್ಟವರಿಗೆ, ಕುಂಚದ ವಿಷಯ ಬರೆಯುವುದನ್ನು ನೋಟರಿ ಮರೆತಿದ್ದ.